ಔಡಲೆಣ್ಣೆಯ ಗಾಡಿ

ಗಡಹಿಂಗ್ಲಜದ ನಮ್ಮ ಮನೆಯ ಅಂಗಳಕ್ಕೆ ಆ ಸಣ್ಣ ಕಾರು ಬಂದು ನಿಂತ ದಿನ ಅತ್ತೆ ಆರತಿ ಬೆಳಗಿದರು, ಮುಂದಿನ ಗಾಲಿಗೆ ಅರಿಸಿನ ಕುಂಕುಮ ಹಚ್ಚಿದರು. ಆಮೇಲೆ ಸೊಂಟ ಹಿಡಿದುಕೊಂಡು ಬಗ್ಗಿ ಗಾಡಿಯ ಅಡಿಗೆ ನೋಡಿದರು. ಸಾರಿಸಿದ ನೆಲದ ಮೇಲೆ ಒಂದು ಕರಿಯ ಹನಿ ಬಿದ್ದಿತ್ತು.

“ಇದೇನೋ ಪದ್ಮಾ, ಗಾಡಿ ಸೋರಾಕತ್ತೈತಿ?”

“ಎಂಜಿನ್ ಎಣ್ಣಿ ಅವ್ವಾ. ಹಳೇ ಗಾಡಿ, ಒಂದ ಹನಿ ಬಿದ್ದ ಬೀಳತೈತಿ.”

“ಯಾವುದರ ಎಣ್ಣಿ?”

“ಡಬ್ಬಿ ಎಣ್ಣಿ.”

“ಡಬ್ಬಿಯೊಳಗ ಯಾವುದರಿಂದ ತಗದ ಎಣ್ಣಿ ತುಂಬತಾರ ಅಂತ ಕೇಳಿದೆ.”

ನಮ್ಮ ಮನೆಯವರಿಗೆ ಉತ್ತರ ತಿಳಿಯಲಿಲ್ಲ. ಅವರ ಹೆಸರು ಪದ್ಮಕುಮಾರ. ಈಗ ಅವರಿಲ್ಲ, ಹೆಸರು ಹೇಳಿದರೆ ಯಾರೂ ಬೈಯುವುದಿಲ್ಲ. ಕೊಲ್ಹಾಪುರದಲ್ಲಿ ಮ್ಯಾಟ್ರಿಕ್‌ವರೆಗೆ ಓದಿದವರು. ಎಣ್ಣೆ ವ್ಯಾಪಾರದ ಮನೆಯಲ್ಲಿ ಹುಟ್ಟಿದವರು ಬೇರೆ. ಶೇಂಗಾ, ಕುಸುಬಿ, ಎಳ್ಳು, ಔಡಲ ಅಂದರೆ ಹರಳು, ಎಲ್ಲವನ್ನೂ ನಮ್ಮ ಹಿತ್ತಲ ಗಾಣದಲ್ಲೇ ಅರೆಯುತ್ತಿದ್ದೆವು. ಅಂಥ ಮನೆಯಲ್ಲಿ ಎಣ್ಣೆ ಯಾವುದರದ್ದು ಎಂದು ಕೇಳಿದರೆ ಗೊತ್ತಿಲ್ಲ ಎನ್ನುವುದು ನಾಚಿಕೆಯ ಮಾತು.

ಗಾಡಿ ತಂದದ್ದು ಚೈನಿಗಲ್ಲ, ಮಂಗಲಳನ್ನು ಮನೆಗೆ ಕರೆದುಕೊಂಡು ಬರುವುದಕ್ಕೆ.

ಮಂಗಲ ನನ್ನ ನಾದಿನಿ. ಇಚಲಕರಂಜಿಯ ಮಗ್ಗದವರ ಮನೆಗೆ ಕೊಟ್ಟಿತ್ತು. ಎರಡು ವರ್ಷದ ಹಿಂದೆ ಪಂಚಮಿಗೆಂದು ಎಸ್.ಟಿ. ಬಸ್ಸಿನಲ್ಲಿ ಬಂದವಳು, ಮೂರು ತಿಂಗಳ ಹೊಟ್ಟೆ, ತಿರುಗಿ ಹೋದ ಮಾರನೆಯ ದಿನವೇ ಕಳೆದುಕೊಂಡಳು. ಬಸ್ಸು ಕುಕ್ಕಿದ್ದಕ್ಕೇ ಹೀಗಾಯಿತೆಂದು ಅವಳ ಅತ್ತೆ ಅಕ್ಕಾತಾಯಿ ಹೇಳಿದರು. ಅಂದಿನಿಂದ ಅವಳನ್ನು ತವರಿಗೆ ಕಳಿಸಿರಲಿಲ್ಲ. ಈಗ ಮತ್ತೆ ಬಸುರಿ, ಐದನೆಯ ತಿಂಗಳು ನಡೆದಿತ್ತು. ಅಕ್ಕಾತಾಯಿ ಹೇಳಿಕಳಿಸಿದ್ದರು: ಸ್ವಂತ ಗಾಡಿ ತಂದರೆ ಬಾಣಂತನಕ್ಕೆ ಕಳಿಸುತ್ತೇವೆ. ಆದರೆ ಏಳು ತುಂಬುವುದರೊಳಗೆ. ಎಂಟರಲ್ಲಿ ಹೊಟ್ಟೆಯವಳನ್ನು ಹೊಳೆ ದಾಟಿಸುವುದಿಲ್ಲ.

ನಮ್ಮೂರಿಗೂ ಇಚಲಕರಂಜಿಗೂ ನಡುವೆ ಹೊಳೆಗಳಿಗೆ ಕಡಿಮೆಯಿಲ್ಲ.

ಹೀಗಾಗಿ ನಮ್ಮವರು ಕೊಲ್ಹಾಪುರದ ಡಾಕ್ಟರೊಬ್ಬರು ಮಾರಿದ ಹಳೆಯ ಪೆಟ್ರೋಲ್ ಗಾಡಿಯನ್ನು ತಂದರು. ನಾಲ್ಕು ಜನ ಕೂಡುವಷ್ಟು, ಬೂದು ಬಣ್ಣದ್ದು. ಅತ್ತೆ ಹಿಂದಿನ ಸೀಟನ್ನು ಕೈಯಿಂದ ಒತ್ತಿ ಒತ್ತಿ ನೋಡಿದರು. “ಇಲ್ಲಿ ಮಂಗಲಾ ಕೂಡತಾಳ, ಇಲ್ಲಿ ನಾನು. ಅಕಿ ತಲಿ ನನ್ನ ತೊಡಿ ಮ್ಯಾಲ” ಎಂದರು.

ಅಂದು ಸಂಜೆ ಹೊತ್ತು ಮುಳುಗುವುದರೊಳಗೆ ಎಲ್ಲರೂ ಊಟಕ್ಕೆ ಕೂತೆವು. ನಾವು ಜೈನರು, ನಮ್ಮಲ್ಲಿ ದೀಪ ಹಚ್ಚಿದ ಮೇಲೆ ಊಟವಿಲ್ಲ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ಮಹಾಗಾಂವದ ಬಳಗದವರು ಆ ವರ್ಷದ ಹೊಸ ಬೆಲ್ಲದ ಮೊದಲ ಭೇಲಿ, ಇಡೀ ಅಚ್ಚನ್ನೇ, ಕಳಿಸಿದ್ದರು. ಅತ್ತೆಗೆ ಬೆಲ್ಲವೆಂದರೆ ಪ್ರಾಣ. ಊಟದ ಮೊದಲು ಒಂದು ಚೂರು, ಊಟ ಮುಗಿದ ಮೇಲೆ ಒಂದು ಚೂರು. ಗಾಣದ ಬಿಸಿ ಶೇಂಗಾ ಹಿಂಡಿಗೆ ಹೊಸ ಬೆಲ್ಲ ಕುಟ್ಟಿ ಉಂಡೆ ಕಟ್ಟಿದರೆ ಅವರಿಗೂ ಮಂಗಲಳಿಗೂ ಬೇರೆ ಪಕ್ವಾನ್ನ ಬೇಡ. ಚೂರು ಬಾಯಿಗೆ ಹಾಕಿಕೊಂಡು, “ಈ ಸಲ ಬಣ್ಣ ಛಲೋ ಬಂದೈತಿ. ಮಂಗಲಾ ಬರೂತನಾ ಅರ್ಧಾ ಎತ್ತಿಡು” ಎಂದು ನನಗೆ ಹೇಳಿದರು.

ಅದೇ ಹೊತ್ತಿಗೆ ಪಕ್ಕದ ಮನೆಯ ಬಾಹುಬಲಿ ಕಾಕಾ ಬಂದರು. ಅರಿವೆ ಅಂಗಡಿಯವರು. ಊರಿನಲ್ಲಿ ಯಾರು ಏನು ಕೊಂಡರೂ ಅದರಲ್ಲಿ ಒಂದು ಹುಳುಕು ಹುಡುಕದೆ ಅವರಿಗೆ ಊಟ ಸೇರುತ್ತಿರಲಿಲ್ಲ.

“ಗಾಡಿ ಭಾರಿ ಐತಿ ಬಿಡೋ ಪದ್ಮಾ. ಖರೇ, ಆ ಡಬ್ಬಿ ಎಣ್ಣಿಯೊಳಗ ಚರಬಿ ಕೂಡಸ್ತಾರಂತ. ಜಾರಿಕಿ ಬರಲಿ ಅಂತ.”

ಅತ್ತೆಯ ಕೈ ತಟ್ಟೆಯ ಮೇಲೆ ನಿಂತಿತು. “ಯಾವುದರ ಚರಬಿ?”

“ಯಾವುದರದ್ದಾರ ಇರಲಿ ವೈನಿ. ಜೀವಂತ ಇದ್ದದ್ದರದ್ದು.”

“ಸುಳ್ಳ ಹೇಳಬ್ಯಾಡ ಕಾಕಾ! ಅದು ಭೂಮಿಯೊಳಗಿಂದ ತಗಿಯೂ ಎಣ್ಣಿ” ಎಂದರು ನಮ್ಮವರು.

“ನೀ ತಗಿಯೂದು ನೋಡೀಯೇನು?”

“ನೀವು ಚರಬಿ ಹಾಕೂದು ನೋಡೀರೇನು?”

ಕಾಕಾ ನಕ್ಕು, ಎಲೆ ಅಡಿಕೆ ಹಾಕಿಕೊಂಡು ಹೋದರು. ಅತ್ತೆ ಅರ್ಧ ರೊಟ್ಟಿಗೇ ಎದ್ದರು. ಕೈತೊಳೆದು ಬಂದು ಬಾಗಿಲಲ್ಲಿ ನಿಂತು ಹೇಳಿದರು: “ಚರಬಿ ಮ್ಯಾಲ ಓಡೂ ಗಾಡಿಯೊಳಗ ನಾ ಕೂಡಂಗಿಲ್ಲ. ಹೊಟ್ಟ್ಯಾಗ ಒಂದು ಜೀವ ಇಟಗೊಂಡಾಕಿನ್ನ ಕೂಡಸಂಗೂ ಇಲ್ಲ.”

ನಾನು ಆಗ ಹೊಸ ಸೊಸೆಯೇನಲ್ಲ, ಬಾಯಿ ಸ್ವಲ್ಪ ಸಡಿಲಾಗಿತ್ತು. “ಅತ್ತಿ, ಎಸ್.ಟಿ. ಗಾಡಿಗೂ ಅದ ಎಣ್ಣಿ ಹಾಕ್ತಾರಲ್ಲರಿ. ಅದರಾಗ ಹತ್ತಿ ಕೊಲ್ಹಾಪುರಕ್ಕ ಹೋಗಿ ಬಂದೀರಿ” ಎಂದೆ.

“ಪುತಳಾ, ಅದು ಸರಕಾರದ್ದು. ನಾ ಹತ್ತಿದರೂ ಓಡತೈತಿ, ಬಿಟ್ಟರೂ ಓಡತೈತಿ. ಇದು ನನ್ನ ಅಂಗಳದಾಗ ನಿಂತೈತಿ, ನನ್ನ ಮಗನ ಕೈಲೆ ಎಣ್ಣಿ ಕುಡಿಯೂದು. ಇದರ ಪಾಪ ಯಾರದು?”

ಇದಕ್ಕೆ ದಾರಿ ಹೇಳಿದವರು ಮಾವನವರು. ಜಿನಗೊಂಡಪ್ಪ ಎಂದರೆ ಎಣ್ಣೆ ಪೇಟೆಯಲ್ಲಿ ಮಾತೇ ಇಲ್ಲ. ಹನಿ ಎಣ್ಣೆಯನ್ನು ಅಂಗೈಗೆ ಹಾಕಿ ಉಜ್ಜಿ ಮೂಸಿದರೆ ಯಾವ ಊರ ಕಾಳು, ಯಾವಾಗ ಅರೆದದ್ದು ಎಂದು ಹೇಳಿಬಿಡುವವರು. ಅವರು ಗಡ್ಡ ಕೆರೆದುಕೊಂಡು, “ಇಷ್ಟಕ್ಕ್ಯಾಕ ಜಗಳ? ನಮ್ಮ ಔಡಲೆಣ್ಣಿ ಹಾಕೂಣು” ಎಂದರು.

“ಅಪ್ಪಾ, ಅದು ಎಂಜಿನ್. ಚಕ್ಕಡಿ ಕೀಲಲ್ಲ.”

“ಕೀಲು ಕೀಲೇ. ಕಬ್ಬಿಣದ ಮ್ಯಾಲ ಕಬ್ಬಿಣ ತಿಕ್ಕತೈತಿ, ನಡುವ ಎಣ್ಣಿ ಬೇಕು. ನಮ್ಮಪ್ಪ, ಅವರಪ್ಪ ಎಲ್ಲಾರೂ ಚಕ್ಕಡಿಗೆ ಔಡಲೆಣ್ಣಿನ ಹಾಕ್ಯಾರ.”

“ಗಾಡಿ ಪುಸ್ತಕದಾಗ ಮೂವತ್ತು ನಂಬರ ಎಣ್ಣಿ ಹಾಕ್ರಿ ಅಂತ ಬರದಾರ. ಥಂಡಿ ಊರಾಗ ಇಪ್ಪತ್ತು, ನಮ್ಮಂಥಾ ಬಿಸಲಿಗೆ ಮೂವತ್ತು.”

“ಎಣ್ಣಿಗೆ ನಂಬರ ಎಲ್ಲಿಂದ ಬಂತೋ?”

“ಎಷ್ಟು ದಪ್ಪ ಅಂತ ನಂಬರ.”

“ದಪ್ಪ ನನ್ನ ಬೆರಳಿಗೆ ತಿಳೀತೈತಿ. ನಿನ್ನ ಮೂವತ್ತು ತಾ ಇಲ್ಲಿ.”

ಡಾಕ್ಟರು ಗಾಡಿಯ ಜೊತೆ ಕೊಟ್ಟಿದ್ದ ಡಬ್ಬಿಯಲ್ಲಿ ತಳಕ್ಕೆ ಸ್ವಲ್ಪ ಎಣ್ಣೆ ಉಳಿದಿತ್ತು. ಮಾವನವರು ಒಂದು ಕೈಗೆ ಅದನ್ನು, ಇನ್ನೊಂದು ಕೈಗೆ ಔಡಲೆಣ್ಣೆಯನ್ನು ಹಾಕಿ ಉಜ್ಜಿದರು. “ನಮ್ಮದ ದಪ್ಪ. ಹೆಚ್ಚಾತು, ಕಡಿಮಿ ಆಗಲಿಲ್ಲ” ಎಂದು ಕೈ ಒರೆಸಿಕೊಂಡರು. ಡಬ್ಬಿ ಎಣ್ಣೆ ಉಜ್ಜಿದ ಕೈಯನ್ನು ಅತ್ತೆ ಮೂರು ಸಲ ತೊಳೆಸಿದರು.

ಆ ವಾರ ನಮ್ಮವರು ಕೊಲ್ಹಾಪುರಕ್ಕೆ ಹೋಗಿ, ಗಾಡಿಯನ್ನು ಮೊದಲಿನಿಂದ ನೋಡಿಕೊಂಡಿದ್ದ ತಾನಾಜಿ ಮಿಸ್ತ್ರಿಯನ್ನು ಕೇಳಿದರು. ತಿರುಗಿ ಬಂದಾಗ ಮುಖ ಅರ್ಧ ನಗು, ಅರ್ಧ ಸಿಟ್ಟು.

“ಏನಂದ?” ಎಂದರು ಮಾವನವರು.

“ಮೊದಲ ನಕ್ಕ. ಆಮ್ಯಾಲ, ‘ರೇಸಚ್ಯಾ ಗಾಡ್ಯಾಂತ ಎರಂಡೇಲಚ ಘಾಲಾಯಚೇ’ ಅಂದ.”

ಓಟದ ಪಂದ್ಯದ ಮೋಟಾರುಗಳಿಗೆ ಔಡಲೆಣ್ಣೆಯನ್ನೇ ಹಾಕುತ್ತಿದ್ದರಂತೆ! ಮಾವನವರು ಎದ್ದು ನಿಂತರು. “ಕೇಳಿದಿ ಏನ? ಕೇಳಿದಿ?” ಎಂದು ಅತ್ತೆಯ ಕಡೆಗೆ ತಿರುಗಿದರು.

“ಪೂರಾ ಕೇಳ್ರಿ ಅಪ್ಪಾ. ಎರಡು ಮಾತು ಹೇಳ್ಯಾನ. ಒಂದು, ಹಳೇ ಎಣ್ಣಿ ತೊಟ್ಟೂ ಉಳೀದಂಗ ಇಳಿಸಿ ಹಾಕಬೇಕು, ಎರಡೂ ಕೂಡಬಾರದು. ಇನ್ನೊಂದು, ರೇಸ್ ಮುಗದ ದಿನಾನ ಅವರು ಔಡಲೆಣ್ಣಿ ಇಳಿಸಿ ಚೆಲ್ಲತಿದ್ರಂತ. ಬಿಟ್ಟರ ಒಳಗ ಅಂಟ ಆಗತೈತಿ.”

“ಚೆಲ್ಲೂದು? ಮೂರು ಸೇರು ಎಣ್ಣಿ?” ಮಾವನವರು ಕೂತುಬಿಟ್ಟರು. “ಮಿಸ್ತ್ರಿ ಕಬ್ಬಿಣ ತಿಳಿದಾಂವ. ಎಣ್ಣಿ ನಾ ತಿಳಿದಾಂವ.”

ಗಾಣದ ಅಲ್ಲಪ್ಪ ಔಡಲ ಹುರಿದು ಅರೆದ. ನಮ್ಮ ಮನೆಯಲ್ಲಿ ನೀರನ್ನು ಹೇಗೆ ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸುತ್ತೇವೋ ಹಾಗೆ ಅತ್ತೆ ಆ ಎಣ್ಣೆಯನ್ನೂ ಸೋಸಿದರು, ಒಂದು ಸಲವಲ್ಲ. ಇರುವೆಯ ಕಾಲೂ ಇರಬಾರದು. ನಮ್ಮವರು ಗಾಡಿಯ ಅಡಿಗೆ ಮಲಗಿ ಹಳೆಯದನ್ನು ಇಳಿಸಿದರು. ಅತ್ತೆ ತಾವೇ ತಂಬಿಗೆಯಿಂದ ಹೊಸದನ್ನು ಹೊಯ್ದರು. ಮಗುವಿಗೆ ನೆತ್ತಿಯ ಮೇಲೆ ಎಣ್ಣೆ ಹಾಕುವ ಹಾಗೆ, ನಿಧಾನ.

ನಿಜ ಹೇಳಬೇಕೆಂದರೆ ಗಾಡಿ ಚೆನ್ನಾಗಿ ಓಡಿತು. ಸದ್ದು ಮೊದಲಿಗಿಂತ ಮೆತ್ತಗಾಯಿತು. ಹಿಂದಿನಿಂದ ಬರುವ ಹೊಗೆಗೆ ಬಾಣಂತಿ ಕೋಣೆಯ ವಾಸನೆ. ನೇಸರಿಗೆ ಹೋದಾಗ ಬಸ್ಸಿಗೆ ಕಾದು ನಿಂತ ಹೆಂಗಸರು, “ಯಾರ ಮನಿ ಕೂಸಿಗೆ ಎರಿಯಾಕತ್ತಾರ?” ಎಂದು ಕೇಳಿ ನಕ್ಕರಂತೆ. ಮಾವನವರು ಮುಂದಿನ ಸೀಟಿನಲ್ಲಿ ಪಟಕಾ ಸುತ್ತಿಕೊಂಡು ಕೂತು ಪೇಟೆಯಲ್ಲಿ ಎರಡು ಸುತ್ತು ಹಾಕಿಸಿದರು. ಅತ್ತೆ ಮಾತ್ರ ಕೂಡಲಿಲ್ಲ. “ಮೊದಲ ಮಂಗಲನ್ನ ತರೂದು, ಅಕಿ ಜೋಡಿ ಕೂಡತೇನಿ” ಎಂದರು. ಸಂಜೆ ಒಬ್ಬರೇ ಹೋಗಿ ಗಾಡಿಯ ಹತ್ತಿರ ನಿಲ್ಲುತ್ತಿದ್ದರು. ಒಮ್ಮೆ ನಾನು ಕೇಳಿದೆ, “ಏನು ಮಾಡಾಕತ್ತೀರಿ ಅತ್ತಿ?”

“ವಾಸನಿ ನೋಡಾಕತ್ತೇನಿ. ಸಣ್ಣಾಕಿ ಇದ್ದಾಗ ಮಂಗಲಾನ ತಲಿ ಹಿಂಗ ಘಂ ಅಂತಿತ್ತು. ಎರಕೊಳ್ಳಾಕ ಬಾ ಅಂದರ ಓಡತಿದ್ದಳು.”

ಇಚಲಕರಂಜಿಯಿಂದ ಅಳಿಯ ಜಿನಪಾಲ ಬಂದು ದಿನ ಗೊತ್ತುಮಾಡಿ ಹೋದರು. ಸಂಕ್ರಾಂತಿಯ ಮಗ್ಗುಲಲ್ಲಿ ಸೀಮಂತದ ಕುಬಸ ಮಾಡುವುದು, ಮಾರನೆಯ ದಿನ ಕರೆದುಕೊಂಡು ಬರುವುದು. ಏಳು ತುಂಬುವುದಕ್ಕೆ ಮುಂದೆ ಒಂದು ವಾರವೂ ಉಳಿಯುತ್ತಿರಲಿಲ್ಲ. “ಹಿಂಡಿ ಮತ್ತ ಬೆಲ್ಲದ ಉಂಡಿ ಬೇಕಂತರಿ ಅಕಿಗೆ. ಮಗ್ಗದ ಸದ್ದಿನ್ಯಾಗ ನಿದ್ದಿ ಹತ್ತೂದಿಲ್ಲ, ತವರ ಮನಿ ಪಡಸಾಲ್ಯಾಗ ಒಮ್ಮೆ ಕಣ್ಣ ತುಂಬ ಮಲಗತೇನಿ ಅಂತಾಳ” ಎಂದರು. ಜಿನಪಾಲರು ಒಳ್ಳೆಯವರು. ತಾಯಿಯ ಮುಂದೆ ಮಾತ್ರ ಬಾಯಿಲ್ಲ.

ಅಷ್ಟು ದಿನ ಗಾಡಿಯನ್ನು ಸುಮ್ಮನೆ ಓಡಿಸಿ ಸವೆಸುವುದು ಬೇಡ ಎಂದು ಮಾವನವರು ಅದಕ್ಕೆ ತಾಡಪತ್ರಿ ಹೊದಿಸಿ ನಿಲ್ಲಿಸಿದರು. ನಮ್ಮವರು ದಿನಾ ಹೇಳಿದರು.

“ಅಪ್ಪಾ, ನಿಂತ ಗಾಡಿಯೊಳಗ ಔಡಲೆಣ್ಣಿ ಬಿಡಬಾರದಂತ. ಇಳಿಸಿ ಹೊಸಾದ್ದು ಹಾಕೂಣು.”

“ಕೆಟ್ಟೈತೇನು? ಮೂಸಿ ನೋಡು.”

“ಮೂಸಿದರ ಏನು ತಿಳೀತೈತಿ?”

“ಮನ್ಯಾಗ ಹುಟ್ಟಿ ಎಣ್ಣಿ ಮೂಸಾಕ ಬರೂದಿಲ್ಲ, ಕೊಲ್ಹಾಪುರದಾಗ ಕಲತು ಬಂದಾನ!”

“ಹಂಗಾದರ ನೀವ ಹೊಡೀರಿ ಗಾಡಿ.”

“ಎತ್ತಿನ ಗಾಡಿ ಆಗಿದ್ದರ ಹೊಡೀತಿದ್ದೆ.”

ಅಪ್ಪ ಮಗ ಹೀಗೆ ದಿನಕ್ಕೊಂದು ಸಲ. ಅತ್ತೆ ನಡುವೆ ಬರಲಿಲ್ಲ. ಅವರು ಹಸಿರು ಸೀರೆ ತರಿಸುವುದರಲ್ಲಿ, ಕೂಸಿಗೆ ಕುಂಚಿಗೆ ಹೊಲಿಯುವುದರಲ್ಲಿ, ಪಡಸಾಲೆಯ ಮೂಲೆಯಲ್ಲಿ ಮಂಗಲಳ ಮಂಚಕ್ಕೆ ನೂಲಿನ ಪಟ್ಟಿ ಬಿಗಿಸುವುದರಲ್ಲಿ ಇದ್ದರು.

ಹೊರಡುವ ದಿನ ಬಂತು. ಬುತ್ತಿಗೆ ಶೇಂಗಾ ಹೋಳಿಗೆ, ಕರಚಿಕಾಯಿ, ಐದು ಬಗೆಯ ಉಂಡೆ. ಹಿಂಡಿ ಬೆಲ್ಲದ ಉಂಡೆಯನ್ನು ಬೇರೆ ಡಬ್ಬಿಯಲ್ಲಿ ಕಟ್ಟಿದೆವು. ಮಧ್ಯಾಹ್ನದ ಊಟ ಮುಗಿಸಿ ಹೊರಟರೆ ಹೊತ್ತು ಮುಳುಗುವ ಮೊದಲು ಅಲ್ಲಿ ಊಟಕ್ಕೆ ಕೂಡಬಹುದು ಎಂಬ ಲೆಕ್ಕ. ತಾಡಪತ್ರಿ ತೆಗೆದು ಶುರು ಮಾಡಿದರೆ ಗಾಡಿ ಕೆಮ್ಮಿತು, ನರಳಿತು, ಬಹಳ ಹೊತ್ತಿಗೆ ಎಚ್ಚರಾಯಿತು. ಮಾವನವರು ಮುಂದೆ, ಅತ್ತೆಯೂ ನಾನೂ ಹಿಂದೆ. ಅತ್ತೆ ಕಿಟಕಿಯ ಕಡೆಗೆ ಸರಿದು ನಡುವೆ ಜಾಗ ಬಿಟ್ಟು ಕೂತರು. “ಇದು ಅಕಿದು” ಎಂದು ಆ ಜಾಗದ ಮೇಲೆ ಉಂಡೆಯ ಡಬ್ಬಿ ಇಟ್ಟರು.

ಸಂಕೇಶ್ವರಕ್ಕೆ ಬರುವುದರೊಳಗೆ ಮುಂದಿನ ಹಲಗೆಯಲ್ಲಿ ಒಂದು ಕೆಂಪು ದೀಪ ಹತ್ತಿ ಆರಿ ಮಾಡತೊಡಗಿತು. ನಮ್ಮವರು ಗಾಡಿ ನಿಲ್ಲಿಸಿ, “ನೀರ ಹಾಕ್ತೇನಿ” ಎಂದು ಇಳಿದರು. ಹಿಂದಿನ ಡಿಕ್ಕಿ ತೆರೆದ ಸದ್ದು, ಮುಂದಿನ ಮುಚ್ಚಳ ತೆರೆದ ಸದ್ದು. ಮತ್ತೆ ಬಂದು ಕೂತು ಹೊರಟರು. ದೀಪ ಆರಿತ್ತು.

ತವಂದಿ ಘಾಟಿನ ಏರು ಹತ್ತುವಾಗ ಒಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಟಕಟಕ ಶುರುವಾಯಿತು. ದೀಪ ಮತ್ತೆ ಹತ್ತಿತು, ಈ ಸಲ ಆರಲಿಲ್ಲ. ಕಡೆಗೆ ಒಂದೇ ಏಟು, ಗಾಡಿ ಕಚ್ಚಿ ಹಿಡಿದ ಹಾಗೆ ನಿಂತಿತು. ಮುಚ್ಚಳ ತೆಗೆದರೆ ಹೊಗೆ, ಸುಟ್ಟ ಎಣ್ಣೆಯ ವಾಸನೆ. ಮಾವನವರು ಅಳತೆ ಕಡ್ಡಿಯನ್ನು ಎಳೆದು ಬೆರಳಿಂದ ಉಜ್ಜಿದರು. ಮೂಸಿದರು. ಮತ್ತೊಮ್ಮೆ ಮೂಸಿದರು.

“ಇದು ನಮ್ಮ ಎಣ್ಣಿ ಅಷ್ಟ ಅಲ್ಲ” ಎಂದರು.

ಅತ್ತೆ ಇಳಿದು ಹಿಂದೆ ಹೋಗಿ ಡಿಕ್ಕಿ ತೆರೆದರು. ಗೋಣಿತಟ್ಟಿನಲ್ಲಿ ಸುತ್ತಿದ, ಹೊಸದಾಗಿ ಕೊಂಡ ಪೇಟೆ ಎಣ್ಣೆಯ ಡಬ್ಬಿ ಇತ್ತು. ಅರ್ಧ ಖಾಲಿ.

“ಯಾವಾಗ ಹಾಕಿದಿ?”

“ಸಂಕೇಶ್ವರದಾಗ. ಎಣ್ಣಿ ಕಡಿಮಿ ಆಗಿತ್ತವ್ವಾ. ದೀಪ ಹತ್ತಿತ್ತು. ನಮ್ಮ ಎಣ್ಣಿ ಮನ್ಯಾಗ ಉಳದಿತ್ತು. ಏನ ಮಾಡ್ಲಿ?”

“ಕೂಡಬಾರದು ಅಂತ ಮಿಸ್ತ್ರಿ ಹೇಳಿದ್ದ ಅಂತ ನೀನ ಹೇಳಿದ್ದಿ!” ಎಂದು ಮಾವನವರು ಕೂಗಿದರು.

“ಇಳಸೂಣು ಅಂತ ದಿನಾ ಹೇಳೇನಿ, ನೀವು ಕೇಳಿದ್ದರ ಈ ಡಬ್ಬಿ ತಗಿಯೂ ಪ್ರಸಂಗ ಬರತಿತ್ತೇನು?”

“ನನ್ನ ಎಣ್ಣಿ ಕೆಟ್ಟಿರಲಿಲ್ಲ!”

“ನಂದೂ ಕೆಟ್ಟಿರಲಿಲ್ಲ!”

ರಸ್ತೆಯಲ್ಲಿ ಹೋಗುವ ಕಬ್ಬಿನ ಗಾಡಿಯವರು ಎತ್ತು ನಿಲ್ಲಿಸಿ ನೋಡಿದರು. ಅತ್ತೆ ಇಬ್ಬರನ್ನೂ ಬಿಟ್ಟು ಸರಿದರು. ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತರು. ಎದುರಿಗೇ ಸ್ತವನಿಧಿಯ ಗುಡಿಯ ಗುಡ್ಡ. ಕೈಮುಗಿದರು. ಎಂಥ ಕ್ಷೇತ್ರದ ಮುಂದೆ ಎಂಥ ಜಗಳ ಎಂದು ನನಗೇ ನಾಚಿಕೆಯಾಯಿತು.

ನಮ್ಮವರು ಗಾಡಿಯ ಹತ್ತಿರ ಉಳಿದರು. ನಾವು ಮೂವರು ಬುತ್ತಿ ಹೊತ್ತು ಬಸ್ಸು ಹತ್ತಿ ನಿಪ್ಪಾಣಿಗೆ, ಅಲ್ಲಿಂದ ಇನ್ನೊಂದು ಬಸ್ಸಿಗೆ ಇಚಲಕರಂಜಿಗೆ ಹೋದೆವು. ದಾರಿಯಲ್ಲೇ ಹೊತ್ತು ಮುಳುಗಿತು. ತೊಡೆಯ ಮೇಲೆ ಇಷ್ಟೆತ್ತರದ ಬುತ್ತಿ, ಮೂವರ ಹೊಟ್ಟೆಯೂ ಖಾಲಿ.

ಮಂಗಲ ಬಾಗಿಲಲ್ಲೇ ನಿಂತಿದ್ದಳು. ಮೈ ತುಂಬಿಕೊಂಡು, ಕಣ್ಣಡಿ ಕಪ್ಪಾಗಿ. ನಮ್ಮ ಹಿಂದೆ ಬೀದಿಯನ್ನು ಉದ್ದಕ್ಕೂ ನೋಡಿದಳು.

“ಗಾಡಿ ಎಲ್ಲಿ ಅವ್ವಾ? ಮಧ್ಯಾನ್ನದಿಂದ ಹಾರನ್ ಕೇಳಾಕ ಕೂತೇನಿ.”

“ಬರತೈತಿ. ಒಳಗ ನಡಿ.”

ಒಳಗೆ ಹೋದಾಗ ಪಡಸಾಲೆಯ ಮೂಲೆಯಲ್ಲಿ ಅವಳ ಗಂಟು ಕಟ್ಟಿಟ್ಟಿತ್ತು. ಟ್ರಂಕು, ಹಾಸಿಗೆ, ಮೇಲೆ ಒಂದು ಕೊಡೆ.

ಮರುದಿನ ಕುಬಸ ಚೆನ್ನಾಗಿಯೇ ಆಯಿತು. ಹಸಿರು ಸೀರೆ, ಹಸಿರು ಬಳೆ, ಓಣಿಯ ಹೆಂಗಸರ ಹಾಡು. ಎಲ್ಲ ಮುಗಿದ ಮೇಲೆ ಜಿನಪಾಲರು ತಲೆ ಬಗ್ಗಿಸಿಕೊಂಡು, “ಬಾಡಿಗಿ ಮೋಟಾರ ನೋಡ್ಲೇನವ್ವಾ?” ಎಂದು ತಾಯಿಯನ್ನು ಕೇಳಿದರು.

ಅಕ್ಕಾತಾಯಿ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಿದರು. “ಕರಿಯಾಕ ಬಂದ ಗಾಡಿ ದಾರ್ಯಾಗ ನಿಂತೈತಿ. ಒಮ್ಮಿ ಅಡ್ಡ ಬಂದ ದಾರಿಗೆ ನಾ ಸೊಸೀನ್ನ ಕಳಸಂಗಿಲ್ಲ. ಬೀಗತಿ, ನಾ ಹಟಾ ಮಾಡಾಕತ್ತೇನಿ ಅಂತ ತಿಳೀಬ್ಯಾಡ್ರಿ. ಹಿಂದಿನ ಸಲ ಆ ಕೂಸಿನ ಮಾರಿ ಸೈತ ನಾವು ನೋಡಲಿಲ್ಲ.”

ಮಂಗಲ ಉಂಡೆಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಒಂದನ್ನು ಮುರಿದು ಅರ್ಧ ತಾಯಿಯ ಕೈಗಿಟ್ಟಳು. “ತಿನ್ನವ್ವಾ. ನಿನಗೂ ಸೇರತೈತಿ.” ಇಬ್ಬರೂ ಗೋಡೆಗೆ ಒರಗಿ ತಿಂದರು. ಆಚೆ ಕೋಣೆಯಲ್ಲಿ ಮಗ್ಗಗಳು ಖಟಖಟ ಎನ್ನುತ್ತಲೇ ಇದ್ದವು. ನಾವು ಹೊರಟಾಗ ಅವಳು ಗಂಟು ಬಿಚ್ಚಿ ಸೀರೆಗಳನ್ನು ಒಂದೊಂದಾಗಿ ಮತ್ತೆ ಗೂಟಕ್ಕೆ ಹಾಕುತ್ತಿದ್ದಳು.

ಯುಗಾದಿಯ ಹತ್ತಿರ ಹೆಣ್ಣು ಮಗು ಹುಟ್ಟಿತು, ಇಚಲಕರಂಜಿಯಲ್ಲೇ. ನಾವು ಹೋಗಿ ತೊಟ್ಟಿಲಿಗೆ ಹಾಕಿ ಬಂದೆವು. ಪಡಸಾಲೆಯ ಮಂಚ ಹಾಗೇ ಇತ್ತು. ಅದರ ಮೇಲೆ ಯಾರನ್ನೂ ಮಲಗಗೊಡುತ್ತಿರಲಿಲ್ಲ ಅತ್ತೆ. ಒಮ್ಮೆ ಮಾವನವರು ಮಧ್ಯಾಹ್ನ ಸುಮ್ಮನೆ ಒರಗಿದರೆ, “ಅದು ನಿಮ್ಮ ಜಾಗಾ ಅಲ್ಲ” ಎಂದು ಎಬ್ಬಿಸಿದರು. ಮಾವನವರೂ ಸದ್ದಿಲ್ಲದೆ ಎದ್ದು ಹೋದರು.

ಗಾಡಿಯನ್ನು ಲಾರಿಯಲ್ಲಿ ಕೊಲ್ಹಾಪುರಕ್ಕೆ ಸಾಗಿಸಿದ್ದರು. ತಾನಾಜಿ ಮಿಸ್ತ್ರಿ ಬಿಚ್ಚಿ ತೋರಿಸಿದಾಗ ಅಪ್ಪ ಮಗ ಇಬ್ಬರೂ ನಿಂತು ನೋಡಿದರಂತೆ. ಒಳಗೆಲ್ಲ ಜೋನಿ ಬೆಲ್ಲದ ಹಾಗೆ ಅಂಟು. ಮಿಸ್ತ್ರಿಯೂ ಸ್ವಲ್ಪ ಪೇಚಾಡಿಕೊಂಡ, “ರೇಸಿನ ಮಾತ ನಾ ಆಡಬಾರದಿತ್ತು ನೋಡ್ರಿ ಮಾಲಕ” ಎಂದ. ಮಾವನವರು ಆ ಅಂಟನ್ನು ಬೆರಳಿಗೆ ಹಚ್ಚಿಕೊಂಡರಂತೆ, ಮೂಸಲಿಲ್ಲವಂತೆ. ಸಾಮಾನು ಮುಂಬಯಿಯಿಂದ ಬರಬೇಕು. ಬಂದದ್ದು ಸರಿಹೊಂದದೆ ಮತ್ತೊಂದು ಬರಬೇಕು. ಮಳೆಗಾಲ ಕಳೆಯಿತು.

ದಸರೆಯ ಹೊತ್ತಿಗೆ ಗಾಡಿ ತಿರುಗಿ ಅಂಗಳಕ್ಕೆ ಬಂತು. ಮಗುವನ್ನು ಬಸ್ಸಿನ ಗದ್ದಲದಲ್ಲಿ ಕಳಿಸುವುದಿಲ್ಲ, ಗಾಡಿ ಬಂದರೆ ಮಾತ್ರ ಎಂದು ಅಕ್ಕಾತಾಯಿ ಆಗಲೇ ಹೇಳಿದ್ದರು. ನಮ್ಮವರು ಈ ಸಲ ಏನನ್ನೂ ಬಚ್ಚಿಡಲಿಲ್ಲ. ಮೂವತ್ತು ನಂಬರಿನ ಮೊಹರು ಒಡೆಯದ ಡಬ್ಬಿಯನ್ನು ತಂದು ಕಟ್ಟೆಯ ಮೇಲೆ ಅತ್ತೆಯ ಮುಂದೆ ಇಟ್ಟರು.

“ಅವ್ವಾ, ಈ ಗಾಡಿಗೆ ಇದ ಎಣ್ಣಿ. ಬ್ಯಾರೆ ಹಾಕಿದರ ಮತ್ತ ನಿಲ್ಲತೈತಿ. ನೀ ಹೂಂ ಅಂದರ ಹಾಕ್ತೇನಿ. ಇಲ್ಲಂದರ ಗಾಡಿ ಮಾರತೇನಿ.”

“ಚರಬಿ ಐತೇನು ಇದರಾಗ?”

“ಇಲ್ಲಂತಾರ. ಭೂಮಿಯಿಂದ ಬಂದದ್ದಂತ.”

“ನೀ ಕಣ್ಣಾರೆ ನೋಡೀಯೇನು?”

ನಮ್ಮವರು ಹೂಂ ಎಂದುಬಿಡಬಹುದಿತ್ತು. ಒಂದು ಸುಳ್ಳಿನಲ್ಲಿ ಎಲ್ಲವೂ ಮುಗಿಯುತ್ತಿತ್ತು. “ಇಲ್ಲವ್ವಾ, ನೋಡಿಲ್ಲ” ಎಂದರು.

ಮಾವನವರು ಮೂಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಅತ್ತೆ ಡಬ್ಬಿಯನ್ನು ಮುಟ್ಟಲಿಲ್ಲ. ಎದ್ದು ಪಡಸಾಲೆಗೆ ಹೋಗಿ ಮಂಗಲಳ ಮಂಚದ ಪಟ್ಟಿ ಸಡಿಲಾಗಿದೆಯೇ ಎಂದು ಒತ್ತಿ ನೋಡಿದರು.

ಮಾರನೆಯ ಬೆಳಿಗ್ಗೆ ಮಿಂದು ಬಸ್ತಿಗೆ ಹೋದರು. ಆ ವರ್ಷ ನಮ್ಮೂರ ಬಸ್ತಿಯಲ್ಲಿ ಮುನಿಗಳೊಬ್ಬರು ಚಾತುರ್ಮಾಸಕ್ಕೆ ನಿಂತಿದ್ದರು. ಒಬ್ಬರೇ ಹೋದರು, ಒಬ್ಬರೇ ಬಂದರು. ಬಂದವರೇ ನಮ್ಮವರಿಗೆ, “ಹಾಕು. ನಾಳೆ ಹೋಗೂಣು” ಎಂದರು.

“ನೀನೂ ಬರತೀಯೇನವ್ವಾ?”

“ಬರದ ಇರತೇನೇನು? ಅಕಿ ಜೋಡಿ ಕೂಡತೇನಿ ಅಂತ ಹೇಳೇನಿ.”

ಎಣ್ಣೆಯನ್ನು ಮಾವನವರೇ ಹೊಯ್ದರು. ಕಡೆಯ ಹನಿಯನ್ನು ಬೆರಳಿಗೆ ಹಚ್ಚಿ ಉಜ್ಜಿ, ಯಾರೂ ನೋಡುತ್ತಿಲ್ಲವೆಂದುಕೊಂಡು, “ಎಣ್ಣಿಯೇನೋ ಛಲೋ ಐತಿ” ಎಂದರು.

ಗಾಡಿ ಹೋಯಿತು, ಬಂತು. ಎಲ್ಲಿಯೂ ನಿಲ್ಲಲಿಲ್ಲ. ತವಂದಿಯ ಏರಿನಲ್ಲಿ ಮಾತ್ರ ಎಲ್ಲರೂ ಮಾತು ನಿಲ್ಲಿಸಿ ಎಂಜಿನ್ನಿಗೆ ಕಿವಿಗೊಟ್ಟೆವು. ಬರುವಾಗ ಅತ್ತೆ ಹೇಳಿದ್ದ ಹಾಗೆಯೇ ಕೂತರು. ಕಿಟಕಿಯ ಹತ್ತಿರ ತಾವು, ನಡುವೆ ಮಂಗಲ, ತಮ್ಮ ತೊಡೆಯ ಮೇಲೆ ಕೂಸು. ಮಂಗಲ ಸ್ವಲ್ಪ ದೂರ ಬರುವುದರೊಳಗೆ ತಾಯಿಯ ಭುಜಕ್ಕೆ ತಲೆ ಕೊಟ್ಟು ನಿದ್ದೆ ಹೋದಳು. ಪ್ರತಿ ಹೊಳೆಯ ಸೇತುವೆ ಬಂದಾಗಲೂ ಅತ್ತೆ ಮಗುವಿನ ತಲೆಯ ಮೇಲೆ ಸೆರಗು ಎಳೆದರು. ಕೈಯನ್ನು ಮಗುವಿನ ನೆತ್ತಿಯ ಮೇಲಿಂದ ತೆಗೆಯಲಿಲ್ಲ. ಹಿರಣ್ಯಕೇಶಿ ಕಂಡಾಗ, “ಏಳವಾ ಮಂಗಲಾ, ನಮ್ಮ ಹೊಳಿ ಬಂತು” ಎಂದರು. ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ದೀಪಾವಳಿಯವರೆಗೆ ಮಂಗಲ ಆ ಮಂಚದ ಮೇಲೆ ಮಲಗಿದಳು. ಮಹಾಗಾಂವದಿಂದ ಹೊಸ ಬೆಲ್ಲ ಬಂತು. ಅಲ್ಲಪ್ಪ ಗಾಣದಿಂದ ಬಿಸಿ ಹಿಂಡಿ ತಂದ. ಅತ್ತೆ ತಾವೇ ಒರಳಲ್ಲಿ ಕುಟ್ಟಿ ಉಂಡೆ ಕಟ್ಟಿದರು, ಎಲ್ಲರಿಗೂ ಕೊಟ್ಟರು. ಊಟಕ್ಕೆ ಕೂತಾಗ ನಾನು ಅವರ ತಟ್ಟೆಗೆ ಎಂದಿನ ಚೂರು ಬೆಲ್ಲ ಇಡಲು ಹೋದೆ. ಅಂಗೈಯಿಂದ ತಟ್ಟೆಯನ್ನು ಮುಚ್ಚಿದರು.

“ಬ್ಯಾಡ ಪುತಳಾ.”

“ಹೊಸಾ ಬೆಲ್ಲ ಅತ್ತಿ. ಭಾಳ ಛಲೋ ಬಂದೈತಿ.”

“ಗೊತ್ತೈತಿ. ಬಣ್ಣ ನೋಡೇನಿ. ಬ್ಯಾಡ.”

ಹಬ್ಬಕ್ಕೆ ಹೋಳಿಗೆ ಮಾಡಿದೆ, ಅದಕ್ಕೂ ಅದೇ ಅಂಗೈ. ಆಗ ತಿಳಿಯಿತು, ಅಂದು ಬಸ್ತಿಗೆ ಒಬ್ಬರೇ ಹೋದವರು ಆ ಎಣ್ಣೆಯ ಪಾಪಕ್ಕೆಂದು ಮುನಿಗಳ ಮುಂದೆ ಏನು ಬಿಟ್ಟು ಬಂದಿದ್ದರು ಎಂದು. ಅಪ್ಪ ಮಗನಿಗೆ ಅಡುಗೆಮನೆಯ ಲೆಕ್ಕ ಯಾವತ್ತು ತಿಳಿದಿತ್ತು? ಆ ಎಣ್ಣೆ ನೆಲದ್ದೇ, ಅದರಲ್ಲಿ ಚರಬಿ ಎಲ್ಲಿಯದು ಎಂದು ಈಗ ಮೊಮ್ಮಕ್ಕಳು ನಗುತ್ತಾರೆ. ಇರಬಹುದು.

ಎರಡು ವರ್ಷದ ಮೇಲೆ ಮಂಗಲ ಮತ್ತೆ ಅದೇ ಗಾಡಿಯಲ್ಲಿ ಬಂದಳು. ಕೂಸು ಅಷ್ಟೊತ್ತಿಗೆ ಓಡಾಡುತ್ತಿತ್ತು. ಭೇಲಿಯಿಂದ ಒಂದು ಚೂರು ಮುರಿದುಕೊಂಡು, ಮುಷ್ಟಿಯಲ್ಲಿ ಅಂಟಂಟು ಮಾಡಿಕೊಂಡು ಅಜ್ಜಿಯ ತೊಡೆ ಹತ್ತಿತು. “ಆಯೀ, ಆ ಮಾಡು” ಎಂದು ಬಾಯಿಯ ಹತ್ತಿರ ಒಯ್ದಿತು. ಅತ್ತೆ ಬಾಯಿ ತೆರೆಯಲಿಲ್ಲ. ಮಗುವಿನ ಪುಟ್ಟ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡರು. ಉದ್ದಕ್ಕೆ ಉಸಿರೆಳೆದುಕೊಂಡರು, ಒಂದು ಸಲ, ಮತ್ತೊಂದು ಸಲ. ಆಮೇಲೆ ಆ ಕೈಯನ್ನು ತಿರುಗಿಸಿ ಮಗುವಿನ ಬಾಯಿಗೇ ಇಟ್ಟರು.